ಡಾ. ರಾಯರ ಗುಣಕವಿಚಾರ: ಇತಿಹಾಸದ ದೃಷ್ಟಿಯಿಂದ

ಡಾ. ವಿ. ಕೆ. ಆರ್. ವಿ. ರಾಯರು 1952ರ ಫೆಬ್ರವರಿಯಲ್ಲಿ 'ಇಂಡಿಯನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟಿಸಿದ, ಹಿಂದುಳಿದ ಅರ್ಥವ್ಯವಸ್ಥೆಯಲ್ಲಿ ಹೂಡಿಕೆ, ಆದಾಯ, ಗುಣಕಗಳನ್ನು ಕುರಿತ ಪ್ರಬಂಧವು ಗಾತ್ರದಲ್ಲಿ ಕಿರಿದಾದರೂ ಪ್ರಭಾವದಲ್ಲಿ ಹಿರಿದು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದ ರಾಯರನ್ನು ನಾವು ನಮ್ಮವರೆಂದೇ ಎಣಿಸುತ್ತೇವೆ. ಆ ಅಭಿಮಾನದಿಂದಲೋ ಏನೋ, ಅವರ ವಾದವು ನಮ್ಮ ತರಗತಿಗಳಲ್ಲಿ ಪರೀಕ್ಷೆಗೊಳಗಾಗದೆ ಸೂತ್ರವಾಗಿ ಉಳಿದುಬಂದಿದೆ. ಇತಿಹಾಸದ ಅಧ್ಯಾಪಕನೊಬ್ಬನು ಅದನ್ನು ಮುಟ್ಟುವುದು ಅಧಿಕಪ್ರಸಂಗವೆನಿಸಿದರೆ ವಾಚಕರು ಕ್ಷಮಿಸಬೇಕು.

ಸರ್ಕಾರವು ವ್ಯಯಮಾಡಿದ ರೂಪಾಯಿ ಒಬ್ಬನ ಆದಾಯವಾಗುತ್ತದೆ. ಅವನು ಅದರಲ್ಲಿ ಎರಡು ಪಾಲು ಖರ್ಚುಮಾಡಿ ಒಂದು ಪಾಲು ಉಳಿಸಿದರೆ, ಎಲ್ಲರೂ ಹಾಗೆಯೇ ಮಾಡಿದರೆ, ಕೊನೆಗೆ ಒಟ್ಟು ಆದಾಯ ಮೂರು ರೂಪಾಯಿ ಬೆಳೆಯುತ್ತದೆ. ಇದು 1936ರಲ್ಲಿ ಕೇನ್ಸನು ಪ್ರಸಿದ್ಧಿಗೆ ತಂದ ಗುಣಕತತ್ತ್ವ. ಕೇಂಬ್ರಿಜ್ಜಿನಲ್ಲಿ ಕಲಿತು ಬಂದ ರಾಯರು ಇದನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲು ಒಪ್ಪಲಿಲ್ಲ. ಇಲ್ಲಿನ ನಿರುದ್ಯೋಗ ಪ್ರಚ್ಛನ್ನವಾದುದು. ಕಾರ್ಖಾನೆಗಳಲ್ಲಿ ಸುಮ್ಮನೆ ನಿಂತ ಯಂತ್ರಗಳಿಲ್ಲ. ರೈತನು ಬೆಳೆದುದರಲ್ಲಿ ಬಹುಭಾಗ ಅವನ ಮನೆಗೇ ಸಲ್ಲುತ್ತದೆ. ಆದುದರಿಂದ ಕೊರತೆ ಹಣಕಾಸಿನಿಂದ ಬೆಲೆ ಏರೀತೇ ಹೊರತು ಉತ್ಪನ್ನ ಅದೇ ಪ್ರಮಾಣದಲ್ಲಿ ಏರದು ಎಂದರು.

ಪ್ರಬಂಧದ ನಿಜವಾದ ಬಲವಿರುವುದು ಮನೆಬಳಕೆಯ ವಿಚಾರದಲ್ಲಿ. ಯಲಹಂಕದ ಆಸುಪಾಸಿನ ಹಳ್ಳಿಯೊಂದನ್ನು ನೆನೆಯೋಣ. ಕೆರೆಯ ಏರಿಯ ಕೆಲಸದಲ್ಲಿ ನಾಲ್ಕು ಕಾಸು ಹೆಚ್ಚು ದೊರೆತ ಒಕ್ಕಲಿನವನು ಮೊದಲು ಮಾಡುವುದೇನು? ಮಾರಬೇಕೆಂದಿದ್ದ ರಾಗಿಯನ್ನು ಮನೆಯಲ್ಲಿ ಉಳಿಸಿಕೊಂಡು, ಮಕ್ಕಳಿಗೆ ಎರಡು ಹೊತ್ತು ಹಿಟ್ಟು ಕಾಣಿಸುತ್ತಾನೆ. ಸಂತೆಗೆ ಬರುವ ಧಾನ್ಯ ಆ ಮಟ್ಟಿಗೆ ಕಡಿಮೆಯಾಗುತ್ತದೆ. ಇದನ್ನು ರಾಯರಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ.

ಆದರೆ ಅದೇ ಹಳ್ಳಿಯಲ್ಲಿ ಹಗೇವೂ ಇತ್ತು. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಅದನ್ನು ಯಾವಾಗ ತೆಗೆಯಬೇಕೆಂಬುದು ಮಳೆಯನ್ನೂ ಬೆಲೆಯನ್ನೂ ನೋಡಿ ತೀರ್ಮಾನವಾಗುವ ಮಾತು. ಎಂದಮೇಲೆ ಪೂರೈಕೆಯು ಕದಲದ ಕಲ್ಲಲ್ಲ. ಪ್ರಬಂಧದ ಅರ್ಥವ್ಯವಸ್ಥೆಗೆ ಮಳೆಯೂ ಇಲ್ಲ, ವರ್ಷವೂ ಇಲ್ಲ. ನನ್ನ ಮುಖ್ಯ ಆಕ್ಷೇಪ ಇದು. ಮೊದಲನೆಯ ಯೋಜನೆಯ ಕಾಲದಲ್ಲಿ (1951-56) ಕೊರತೆ ಹಣಕಾಸು ಇದ್ದರೂ ಸಗಟು ಬೆಲೆಗಳು ಕೊನೆಗೆ ಆರಂಭಕ್ಕಿಂತ ಕೆಳಗಿದ್ದವು. ಫಸಲು ಚೆನ್ನಾಗಿತ್ತು, ಕೊರಿಯಾ ಯುದ್ಧಕಾಲದ ಏರಿಕೆಯೂ ಇಳಿದಿತ್ತು. ಎರಡನೆಯ ಯೋಜನೆಯಲ್ಲಿ 1200 ಕೋಟಿ ರೂಪಾಯಿ ಕೊರತೆ ಹಣಕಾಸಿಗೆ ಅವಕಾಶವಿಡಲಾಯಿತು. ಬೆಲೆಗಳು ಸುಮಾರು ಶೇಕಡಾ 30 ಏರಿದವು. ರಾಯರ ಮಾತು ಸತ್ಯವಾಯಿತೆಂದು ಹಲವರು ಇದನ್ನೇ ತೋರಿಸುತ್ತಾರೆ. 1957-58ರಲ್ಲಿ ಆಹಾರಧಾನ್ಯದ ಬೆಳೆ ಕುಸಿದುದನ್ನು ಅವರು ಏಕೆ ಮರೆಯುತ್ತಾರೋ ತಿಳಿಯದು.

ಹೂಡಿಕೆಯಿಂದ ಮುಂದೆ ಉತ್ಪಾದನಶಕ್ತಿ ಬೆಳೆಯಬಹುದೆಂಬುದನ್ನು ರಾಯರು ಅರಿಯದವರಲ್ಲ. ಗುಣಕದ ಮಾತು ಬೇರೆ, ಬಂಡವಾಳಸಂಚಯದ ಮಾತು ಬೇರೆ ಎಂದು ಅವರು ವಿಂಗಡಿಸಿದರು. ತರ್ಕಕ್ಕೆ ಈ ವಿಂಗಡಣೆ ಸರಿ. ಆದರೆ ಬೇಸಾಯದ ಪೂರೈಕೆ ಏಕೆ ಬಿಗಿಯಾಗಿದೆಯೆಂಬ ಪ್ರಶ್ನೆ ಇದರಿಂದ ಮರೆಗೆ ಸರಿಯಿತು. ಹೆಬ್ಬಾಳದಲ್ಲಿ 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರ ರೀಜೆನ್ಸಿಯ ಕಾಲದಲ್ಲಿ, 30 ಎಕರೆಯ ಪ್ರಾಯೋಗಿಕ ಬೇಸಾಯ ಕ್ಷೇತ್ರ ಆರಂಭವಾಯಿತು. 1913ರಲ್ಲಿ ಅಲ್ಲಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದವು. ಆ ಕ್ಷೇತ್ರಕ್ಕೆ ವ್ಯಯವಾದ ಹಣದ ಗುಣಕವನ್ನು ಯಾವ ವರ್ಷದ ಲೆಕ್ಕಕ್ಕೆ ಹಾಕಬೇಕು? ಆ ವರ್ಷದ ಸಂತೆಯಲ್ಲಿ ಅದು ಬರಿಯ ಕೂಲಿ. ಐವತ್ತು ವರ್ಷಗಳ ತರುವಾಯ ಅದೇ ಬೀಜ, ಗೊಬ್ಬರ, ಇಳುವರಿ.

ಹಳ್ಳಿಗಳಿಗಾಗಿ ಸರ್ಕಾರ ಹಣ ಖರ್ಚುಮಾಡಬಾರದೆನ್ನುವವರು ಇಂದಿಗೂ ರಾಯರ ಹೆಸರನ್ನು ಮುಂದಿಡುತ್ತಾರೆ. ಪ್ರಬಂಧದಲ್ಲಿ ಅಂಥ ತೀರ್ಪಿಲ್ಲ. 1952ರ ಭಾರತದಲ್ಲಿ, ಅಂದಿನ ಬಾವಿ, ಬೀಜ, ರಸ್ತೆಗಳಿದ್ದ ಹಳ್ಳಿಯಲ್ಲಿ, ಅಲ್ಪಾವಧಿಯಲ್ಲಿ ಏನಾದೀತೆಂಬ ಉತ್ತರ ಮಾತ್ರ ಅದರಲ್ಲಿದೆ. 'ಗುಣಕವು ಭಾರತದಲ್ಲಿ ನಡೆಯದು' ಎಂದು ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ಓದುತ್ತಿರುವ ನಮ್ಮ ಅರ್ಥಶಾಸ್ತ್ರದ ಸಹೋದ್ಯೋಗಿಗಳು ಆ ವಾಕ್ಯದ ಪಕ್ಕದಲ್ಲಿ 'ಯಾವಾಗ?' ಎಂದು ಕೆಂಪು ಶಾಯಿಯಲ್ಲಿ ಬರೆಯಬೇಕೆಂದು ನನ್ನ ವಿನಂತಿ.