ವಿಜ್ಞಾನದ ಮುದ್ರೆ ಮತ್ತು ಸತ್ಯಾಣುವ್ರತ

ದಶಲಕ್ಷಣ ಪರ್ವದಲ್ಲಿ ಬಸದಿಗಳಲ್ಲಿ ಹಂಚುವ ಕಿರುಹೊತ್ತಗೆಗಳಲ್ಲಾಗಲಿ, ಪಂಚಕಲ್ಯಾಣ ಮಹೋತ್ಸವದ ಸ್ಮರಣ ಸಂಚಿಕೆಗಳಲ್ಲಾಗಲಿ 'ಜೈನಧರ್ಮ ಮತ್ತು ವಿಜ್ಞಾನ' ಎಂಬಂಥ ಒಂದು ಲೇಖನ ಇಲ್ಲದಿರುವುದು ವಿರಳ. ಇವುಗಳ ಜಾಡು ಬಹುಮಟ್ಟಿಗೆ ಒಂದೇ. ಸಸ್ಯಗಳಿಗೆ ಜೀವವಿದೆಯೆಂದು ತೀರ್ಥಂಕರರು ಬೋಧಿಸಿದ್ದನ್ನು ಜಗದೀಶಚಂದ್ರ ಬೋಸರು ಪ್ರಯೋಗದಿಂದ ಸಾಧಿಸಿದರು. ಪರಮಾಣುವನ್ನು ಉಮಾಸ್ವಾಮಿಗಳು ಮೊದಲೇ ನಿರೂಪಿಸಿದ್ದರು. ಸ್ಯಾದ್ವಾದವೇ ಐನ್‌ಸ್ಟೈನರ ಸಾಪೇಕ್ಷತಾವಾದ. ಆದುದರಿಂದ ಜೈನಧರ್ಮವು ವೈಜ್ಞಾನಿಕ ಧರ್ಮ. ಬರೆಯುವವರ ಶ್ರದ್ಧೆಯನ್ನು ಶಂಕಿಸಬೇಕಾಗಿಲ್ಲ. ಹೊಸ ವಿದ್ಯೆ ಕಲಿಯುವ ಮಕ್ಕಳಿಗೆ ಮನೆಯ ಧರ್ಮದಲ್ಲಿ ಆದರ ಉಳಿಯಲೆಂಬ ಕಳಕಳಿಯೂ ಸಹಜವಾದುದೇ. ಆದರೆ ವಿಜ್ಞಾನವೆಂದರೇನು, ಒಂದು ಮಾತು ಯಾವಾಗ ವೈಜ್ಞಾನಿಕವೆನಿಸುತ್ತದೆ ಎಂಬ ಪ್ರಶ್ನೆಯನ್ನು ಈ ಲೇಖನಗಳು ಎತ್ತುವುದೇ ಇಲ್ಲ.

ಬೋಸರ ಉದಾಹರಣೆಯನ್ನೇ ಪರಿಶೀಲಿಸಬಹುದು. ಸಸ್ಯಗಳು ಸಜೀವವೆಂಬುದರಲ್ಲಿ ಬೋಸರಿಗಿಂತ ಮೊದಲೂ ಸಸ್ಯಶಾಸ್ತ್ರಜ್ಞರಿಗೆ ಸಂಶಯವಿರಲಿಲ್ಲ. ಅವರು ಪರೀಕ್ಷಿಸಿದ ವಿಷಯ ಬೇರೆ: ಉದ್ದೀಪನೆಗೆ ಒಳಗಾದಾಗ ಸಾಮಾನ್ಯ ಸಸ್ಯಗಳು ಪ್ರಾಣಿಗಳ ಮಾಂಸಖಂಡದಂತೆಯೇ ವಿದ್ಯುತ್ ಪ್ರತಿಕ್ರಿಯೆಯನ್ನು ತೋರುತ್ತವೆಯೇ ಎಂಬುದು. ತೋರುತ್ತವೆಂದು ಅವರು ದಾಖಲಿಸಿದರು. 1902ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರು 'ರೆಸ್ಪಾನ್ಸ್ ಇನ್ ದಿ ಲಿವಿಂಗ್ ಅಂಡ್ ನಾನ್-ಲಿವಿಂಗ್'. ಸಜೀವದ ಜೊತೆಗೆ ನಿರ್ಜೀವವೂ ಆ ಹೆಸರಿನಲ್ಲಿಯೇ ಇದೆ. ಸಸ್ಯ, ಮಾಂಸಖಂಡಗಳಂತೆ ತವರ, ಪ್ಲಾಟಿನಂಗಳಂಥ ಲೋಹಗಳೂ ಪ್ರತಿಕ್ರಿಯೆ ತೋರುತ್ತವೆ, ದಣಿಯುತ್ತವೆ, ಕೆಲವು ರಾಸಾಯನಿಕಗಳಿಂದ ಚುರುಕಾಗುತ್ತವೆ, ವಿಷಕ್ಕೆ ಸಿಕ್ಕರೆ ಸ್ತಬ್ಧವಾಗುತ್ತವೆ ಎಂಬುದು ಆ ಗ್ರಂಥದ ಪ್ರತಿಪಾದನೆ. ಈ ಲೇಖನಗಳಲ್ಲಿ ಸಸ್ಯದ ಭಾಗ ಮಾತ್ರ ಬರುತ್ತದೆ, ಲೋಹದ ಭಾಗ ಬರುವುದಿಲ್ಲ.

ಹಾಗಾದರೆ ಪೃಥ್ವೀಕಾಯಿಕ ಜೀವಗಳೂ ಸಿದ್ಧವಾದಂತಾಯಿತಲ್ಲ ಎಂದು ಯಾರಾದರೂ ಸಂತೋಷಪಡಬಹುದು. ಆ ಸಂತೋಷ ನಿಲ್ಲುವಂಥದಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪೃಥ್ವೀಕಾಯಿಕವೆಂದರೆ ಜೀವವಿರುವ ಪೃಥ್ವಿ, ಪೃಥ್ವೀಕಾಯವೆಂದರೆ ಜೀವವು ಬಿಟ್ಟುಹೋದ ಶರೀರ, ಸತ್ತ ಮನುಷ್ಯನ ದೇಹದಂತೆ, ಎಂದು ವಿಂಗಡಿಸಿದ್ದಾರೆ. ಅಗ್ನಿಯಲ್ಲಿ ಕರಗಿ, ತಂತಿಯಾಗಿ ಎಳೆಯಲ್ಪಟ್ಟು ಪ್ರಯೋಗಶಾಲೆಗೆ ಬಂದ ತವರವು ಆಗಮದ ಲೆಕ್ಕದಲ್ಲಿ ಅಚಿತ್ತ. ಅದೂ ಪ್ರತಿಕ್ರಿಯೆ ತೋರುತ್ತದೆಯಾದರೆ, ಪ್ರತಿಕ್ರಿಯೆಯು ಜೀವದ ಲಕ್ಷಣವಲ್ಲವೆನ್ನಬೇಕು. ಇಲ್ಲವೇ ಸಚಿತ್ತ-ಅಚಿತ್ತಗಳ ವಿಂಗಡಣೆಯೇ ಸುಳ್ಳೆನ್ನಬೇಕು. ಎರಡೂ ಆ ಲೇಖಕರಿಗೆ ಬೇಡವಾದುವು. ತತ್ತ್ವಾರ್ಥಸೂತ್ರವಂತೂ ಜೀವದ ಲಕ್ಷಣ ಉಪಯೋಗವೆಂದು ಸ್ಪಷ್ಟವಾಗಿ ಹೇಳಿದೆ. ಜ್ಞಾನದರ್ಶನರೂಪವಾದ ಉಪಯೋಗವನ್ನು ಮಾಪಕದ ಮುಳ್ಳು ಅಳೆಯಲಾರದು. ಅಳೆಯುವೆನೆಂದು ಅದು ಹೇಳಿಯೂ ಇಲ್ಲ.

ಪರಮಾಣುವಿನ ವಾದದ ದೋಷ ಬೇರೆ ಬಗೆಯದು. ರಸಾಯನಶಾಸ್ತ್ರದ ಅಣುವೇ ನಮ್ಮ ಪರಮಾಣು ಎಂದು ಮೊದಲು ಬರೆದರು. ಅಣುವಿನೊಳಗೆ ಎಲೆಕ್ಟ್ರಾನ್ ಇದೆಯೆಂದು 1897ರಲ್ಲಿ ತಿಳಿದಿತ್ತಲ್ಲ ಎಂದರೆ, ಎಲೆಕ್ಟ್ರಾನೇ ಪರಮಾಣು ಎಂಬ ಉತ್ತರ ಬಂತು. ಈಗ ಅದಕ್ಕಿಂತಲೂ ಸೂಕ್ಷ್ಮವಾದುದು ಎನ್ನುತ್ತಾರೆ. ಯಾವ ಶೋಧನೆ ಬಂದರೂ ಅಲುಗದ ಮಾತು ಸತ್ಯವಾಗಿರಬಹುದು, ಆದರೆ ಅದು ವಿಜ್ಞಾನದ ಮಾತಲ್ಲ. ಸೂರ್ಯನ ಬಳಿ ಹಾದು ಬರುವ ನಕ್ಷತ್ರದ ಬೆಳಕು ಸುಮಾರು 1.75 ಆರ್ಕ್ ಸೆಕೆಂಡುಗಳಷ್ಟು ಬಾಗಬೇಕೆಂದು ಐನ್‌ಸ್ಟೈನರು ಮುಂಚಿತವಾಗಿಯೇ ಲೆಕ್ಕ ಕೊಟ್ಟಿದ್ದರು. 1919ರ ಮೇ 29ರ ಗ್ರಹಣದಲ್ಲಿ ಅಳತೆ ಬೇರೆಯಾಗಿ ಬಂದಿದ್ದರೆ ಅವರ ಸಿದ್ಧಾಂತಕ್ಕೆ ಏಟು ಬೀಳುತ್ತಿತ್ತು. ತಾನು ಎಲ್ಲಿ ಸೋಲಬಹುದೆಂಬುದನ್ನು ಮೊದಲೇ ಹೇಳಿಡುವುದು ವಿಜ್ಞಾನದ ಗುರುತೆಂದು ಕಾರ್ಲ್ ಪಾಪರ್ 1934ರಲ್ಲಿ ವಾದಿಸಿದರು. ಪಾಪರರ ಮಾತೇ ಕೊನೆಯದೆಂದಲ್ಲ. ಯುರೇನಸ್ಸಿನ ಚಲನೆ ಲೆಕ್ಕಕ್ಕೆ ಹೊಂದದಿದ್ದಾಗ ಖಗೋಳಜ್ಞರು ನ್ಯೂಟನ್ನರನ್ನು ಕೈಬಿಡಲಿಲ್ಲ. ಕಾಣದ ಗ್ರಹವೊಂದನ್ನು ಊಹಿಸಿದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ವಿಷಯದಲ್ಲಿಯೂ ಹಾಗೆಯೇ ಒಂದು ಗ್ರಹವನ್ನು ಊಹಿಸಿದರು, ಅದು ಸಿಗಲಿಲ್ಲ. ಸಿಗಲಿಲ್ಲವೆಂದು ಒಪ್ಪಿದರು ಎಂಬುದು ಇಲ್ಲಿ ಮುಖ್ಯ.

ಸ್ಯಾದ್ವಾದವನ್ನು ಸಾಪೇಕ್ಷತಾವಾದದೊಡನೆ ಸಮೀಕರಿಸುವುದು ಹೆಸರಿನ ಸಾಮ್ಯದಿಂದ ಹುಟ್ಟಿದ ಭ್ರಮೆ. ಎಲ್ಲ ವೀಕ್ಷಕರಿಗೂ ಬೆಳಕಿನ ವೇಗ ಒಂದೇ ಎಂಬುದೇ ಐನ್‌ಸ್ಟೈನರ ವಾದದ ತಳಹದಿ. ಸ್ಯಾದ್ವಾದದ ಬಗ್ಗೆ ವಿಜ್ಞಾನಿಗಳು ನಿಜವಾಗಿ ಬರೆದುದು ಬೇರೆಡೆಯಲ್ಲಿದೆ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ 1954ರ ತಮ್ಮ ಲೇಖನದಲ್ಲಿ ಸಪ್ತಭಂಗಿಯನ್ನು ಸಂಭಾವ್ಯತೆಯ ಕಲ್ಪನೆಯ ಪಕ್ಕದಲ್ಲಿಟ್ಟು ನೋಡಿದರು. ಇಂದಿನ ರೂಪದ ಸಂಭಾವ್ಯತೆಯು ಸ್ಯಾದ್ವಾದದಲ್ಲಿ ಇತ್ತೆಂದು ತಾವು ಹೇಳುತ್ತಿಲ್ಲವೆಂದೂ ಅಲ್ಲಿಯೇ ಎಚ್ಚರಿಸಿದರು. ಜೀವವಿಜ್ಞಾನಿ ಹಾಲ್ಡೇನರು 1957ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಇಂದ್ರಿಯಗ್ರಹಣದ ಪ್ರಯೋಗಗಳಿಗೆ ಸಪ್ತಭಂಗಿಯನ್ನು ಅನ್ವಯಿಸಿದರು. ಅತಿ ಕ್ಷೀಣವಾದ ಉದ್ದೀಪನೆಯನ್ನು ಮತ್ತೆ ಮತ್ತೆ ಒಡ್ಡಿದಾಗ ಅದೇ ಮನುಷ್ಯ ಒಮ್ಮೆ ಉಂಟೆನ್ನುತ್ತಾನೆ, ಒಮ್ಮೆ ಇಲ್ಲವೆನ್ನುತ್ತಾನೆ, ಒಮ್ಮೆ ಹೇಳಲಾರೆನೆನ್ನುತ್ತಾನೆ. ಇಲ್ಲಿ ಅಸ್ತಿ, ನಾಸ್ತಿ, ಅವಕ್ತವ್ಯಗಳು ಹೊಗಳಿಕೆಯ ವಸ್ತುಗಳಾಗದೆ ಕೆಲಸಕ್ಕೆ ಬರುವ ಉಪಕರಣಗಳಾಗಿವೆ. ಇಂಥ ಒಂದು ಲೇಖನ ನೂರು ಪ್ರಶಂಸೆಗಳಿಗಿಂತ ಹೆಚ್ಚು ಗೌರವದ್ದು.

ಇದು ಪಾಂಡಿತ್ಯದ ಜಗಳವೆಂದು ಧರ್ಮದರ್ಶಿಗಳು ತಳ್ಳಿಹಾಕುವಂತಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಇದೆ, ಕೂಟಲೇಖಕ್ರಿಯೆಯೂ ಇದೆ. ಒಬ್ಬ ವಿಜ್ಞಾನಿಯ ಗ್ರಂಥದಿಂದ ಬೇಕಾದ ಅರ್ಧವನ್ನೆತ್ತಿ, ಬೇಡವಾದ ಅರ್ಧವನ್ನು ಮುಚ್ಚಿ, ಬಸದಿಯ ಹೆಸರಿನಲ್ಲಿ ಅಚ್ಚು ಹಾಕಿಸುವುದು ಅವುಗಳಿಂದ ಎಷ್ಟು ದೂರ? ಸಮಂತಭದ್ರರು ಆಪ್ತಮೀಮಾಂಸೆಯ ಆರಂಭದಲ್ಲಿಯೇ ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳನ್ನು ಆಪ್ತತ್ವಕ್ಕೆ ಪ್ರಮಾಣವೆಂದು ಒಪ್ಪಲಿಲ್ಲ, ಮಾಯಾವಿಗಳಲ್ಲಿಯೂ ಅವು ಕಾಣುತ್ತವೆಂಬ ಕಾರಣಕ್ಕೆ. ತೀರ್ಥಂಕರರನ್ನೇ ಪರೀಕ್ಷೆಗೆ ನಿಲ್ಲಿಸಿದ ಪರಂಪರೆಯಿದು. ಆ ಜಾಗದಲ್ಲಿ ಈಗ ಪ್ರಯೋಗಶಾಲೆಯ ಚಾಮರ ಬೀಸುತ್ತಿದೆ.

ಮುಂದಿನ ತೊಡಕನ್ನು ಮಕ್ಕಳೇ ತರುತ್ತಾರೆ. ವಿಜ್ಞಾನವೇ ಸಾಕ್ಷಿಯೆಂದು ಕಲಿತ ಹುಡುಗಿಗೆ ಜಂಬೂದ್ವೀಪದಲ್ಲಿ ಎರಡು ಸೂರ್ಯ, ಎರಡು ಚಂದ್ರರಿದ್ದಾರೆಂಬ ವರ್ಣನೆಯೂ ಅದೇ ಪಾಠಶಾಲೆಯಲ್ಲಿ ಸಿಗುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದುದನ್ನು ಅವಳು ಮನೆಯವರ ಜೊತೆಯಲ್ಲಿಯೇ ನೋಡಿದ್ದಾಳೆ. ಸಸ್ಯದ ವಿಷಯದಲ್ಲಿ ಸಾಕ್ಷಿಯಾದವರು ಚಂದ್ರನ ವಿಷಯದಲ್ಲಿ ಏಕೆ ಸಾಕ್ಷಿಯಾಗಬಾರದೆಂದು ಅವಳು ಕೇಳಿದರೆ ಹೊತ್ತಗೆಯಲ್ಲಿ ಉತ್ತರವಿಲ್ಲ. ಲೋಕವರ್ಣನೆಯನ್ನು ಯಾವ ನಯದಿಂದ ಓದಬೇಕು, ಗಿಡವನ್ನು ವೃಥಾ ಕಡಿಯಬಾರದೆಂಬ ಮಾತಿಗೆ ಬೋಸರ ಯಂತ್ರದ ಹಂಗು ಇದೆಯೇ ಎಂಬುದನ್ನು ಅವಳೊಡನೆ ಕುಳಿತು ಚರ್ಚಿಸಬಲ್ಲ ಬರಹ ಬೇಕು. ಹಾಲ್ಡೇನರ ಲೇಖನ ಕೆಲವೇ ಪುಟಗಳದ್ದು. ಮುಂದಿನ ಪರ್ವದ ಹೊತ್ತಗೆಯಲ್ಲಿ ಅದರ ಸಾರಕ್ಕೆ ಧಾರಾಳವಾಗಿ ಜಾಗ ಸಿಗುತ್ತದೆ.