ಮಡಿದ ದಿನದ ಕ್ರಮ

ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದ ವಿನ್ಯಾಸ 1981ರಲ್ಲಿ ಆಯ್ಕೆಯಾದಾಗ ಎದ್ದ ಜಗಳ ಹೆಚ್ಚಾಗಿ ಕಣ್ಣಿಗೆ ಕಾಣುವುದರ ಮೇಲೆಯೇ ನಡೆಯಿತು. ಗೋಡೆ ಕಪ್ಪು, ನೆಲದೊಳಕ್ಕೆ ಇಳಿದಿದೆ, ಸೈನಿಕನ ಪ್ರತಿಮೆಯಿಲ್ಲ, ಬಾವುಟವಿಲ್ಲ. ಆ ಯುದ್ಧದಲ್ಲಿ ಹೋರಾಡಿದ್ದ ಟಾಮ್ ಕಾರ್ಹಾರ್ಟ್ ಅದನ್ನು ನಾಚಿಕೆಯ ಕಪ್ಪು ಗಾಯವೆಂದು ಹಳಿದರು. 1,400ಕ್ಕೂ ಹೆಚ್ಚು ವಿನ್ಯಾಸಗಳ ನಡುವೆ, ಕಳಿಸಿದವರ ಹೆಸರು ತಿಳಿಯದೆಯೇ ತೀರ್ಪುಗಾರರು ಆರಿಸಿದ್ದ ಈ ವಿನ್ಯಾಸ ಯೇಲ್‌ನ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದು. ಆಕೆಯ ಚೀನೀ ಮೂಲವನ್ನೂ ಕೆಲವರು ಎತ್ತಿ ಆಡಿದರು. ಕಪ್ಪು ನಾಚಿಕೆಯ ಬಣ್ಣವಲ್ಲ ಎಂದು ಎದ್ದು ನಿಂತು ಹೇಳಿದವರು ಕರಿಯ ಸೇನಾನಿ ಜಾರ್ಜ್ ಪ್ರೈಸ್. ಆ ಕಲ್ಲು ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಹೊಳಪು ಕೊಟ್ಟ ಕರಿಕಲ್ಲಿನಲ್ಲಿ, ಹೆಸರು ಓದುವವರ ಮುಖ ಆ ಹೆಸರಿನ ಮೇಲೆಯೇ ಮೂಡುತ್ತದೆ. ಬಿಳಿ ಅಮೃತಶಿಲೆಗೆ ಈ ಗುಣವಿಲ್ಲ.

ಆದರೆ ಈ ಕೃತಿಯ ನಿಜವಾದ ಧೈರ್ಯ ಇರುವುದು ಹೆಸರುಗಳ ಕ್ರಮದಲ್ಲಿ. ಅಕಾರಾದಿಯಾಗಿ ಬರೆದರೆ ಹುಡುಕುವುದು ಸುಲಭ ಎಂಬ ವಾದವಿತ್ತು. ಹಾಗೆ ಬರೆದಿದ್ದರೆ ಸ್ಮಿತ್ ಎಂಬವರೇ ನೂರಾರು ಮಂದಿ ಒಂದೆಡೆ ಸಾಲುಗಟ್ಟಿ, ಒಬ್ಬನ ಸಾವು ಇನ್ನೊಬ್ಬನ ಸಾವಿನಲ್ಲಿ ಕರಗಿಹೋಗುತ್ತಿತ್ತು. ಲಿನ್ ಹಿಡಿದದ್ದು ಬಲಿಯಾದ ದಿನದ ಕ್ರಮ. ಎರಡು ಗೋಡೆಗಳು ಕೂಡುವ ಎತ್ತರದ ಮೂಲೆಯಲ್ಲಿ 1959ರಿಂದ ಹೆಸರುಗಳು ಶುರುವಾಗಿ ಪೂರ್ವದ ತುದಿಗೆ ಸಾಗುತ್ತವೆ. ಪಶ್ಚಿಮದ ತುದಿಯಿಂದ ಮತ್ತೆ ಹೊರಟು, 1975ರಲ್ಲಿ ಅದೇ ಮೂಲೆಗೆ ಬಂದು ಸೇರುತ್ತವೆ. ಒಂದೇ ಕಾಳಗದಲ್ಲಿ ಬಿದ್ದವರು ಅಕ್ಕಪಕ್ಕದಲ್ಲೇ ಉಳಿದರು. ಬದುಕಿ ಬಂದ ಸೈನಿಕ ತನ್ನ ದಿನವನ್ನು ಹುಡುಕಿಕೊಂಡರೆ ತನ್ನ ತುಕಡಿಯೇ ಸಿಗುತ್ತದೆ. ಹುದ್ದೆಯನ್ನೂ ಕಲ್ಲಿನ ಮೇಲೆ ಕೆತ್ತಿಲ್ಲ. ಜನರಲ್ಲೂ ಸಾಮಾನ್ಯ ಸಿಪಾಯಿಯೂ ಒಂದೇ ಅಳತೆಯ ಅಕ್ಷರದಲ್ಲಿದ್ದಾರೆ. ಯುದ್ಧವನ್ನು ಹೊಗಳದೆ, ತೆಗಳದೆ, ಅದು ದಿನದಿನವೂ ಏನನ್ನು ಕಿತ್ತುಕೊಂಡಿತೆಂದು ಇಷ್ಟು ನೇರವಾಗಿ ತೋರಿಸಿದ ಸ್ಮಾರಕವನ್ನು ನಾನು ಬೇರೆ ಕಾಣೆ.

ವಿರೋಧಿಗಳನ್ನು ಸಮಾಧಾನಪಡಿಸಲು ಫ್ರೆಡರಿಕ್ ಹಾರ್ಟ್ ಅವರ ಮೂವರು ಯೋಧರ ಕಂಚಿನ ಪ್ರತಿಮೆಯನ್ನು 1984ರಲ್ಲಿ ಸೇರಿಸಲಾಯಿತು. ಲಿನ್ ಅದನ್ನು ಒಪ್ಪಲಿಲ್ಲ. ಪ್ರತಿಮೆ ನುರಿತ ಕೈಯ ಕೆಲಸವೇ. ಅದನ್ನೂ ಬಾವುಟವನ್ನೂ ಗೋಡೆಯ ನಡುಭಾಗಕ್ಕೆ ತರುವ ಪ್ರಯತ್ನ ಗೆದ್ದಿದ್ದರೆ ಮಾತ್ರ ಹೆಸರುಗಳು ಹಿನ್ನೆಲೆಯ ಪರದೆಯಾಗುತ್ತಿದ್ದವು. ದೂರ ಒಂದು ಬದಿಗೆ ನಿಂತದ್ದರಿಂದ ಗೋಡೆ ಉಳಿಯಿತು.

ಗೋಡೆಯ ಮೇಲೆ ಈಗ 58,000ಕ್ಕೂ ಹೆಚ್ಚು ಹೆಸರುಗಳಿವೆ. ಆ ಯುದ್ಧದಲ್ಲಿ ಸತ್ತ ವಿಯೆಟ್ನಾಮಿಗರು ಲಕ್ಷಾಂತರ. ಅವರಲ್ಲಿ ಒಬ್ಬರ ಹೆಸರೂ ಇಲ್ಲಿಲ್ಲ. ಇದನ್ನು ಲಿನ್ ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಸತ್ತ ಮತ್ತು ಕಾಣೆಯಾದ ಅಮೆರಿಕನ್ ಸೈನಿಕರ ಹೆಸರುಗಳಿರಬೇಕು, ಯುದ್ಧದ ಬಗ್ಗೆ ರಾಜಕೀಯ ನಿಲುವು ಇರಬಾರದು ಎಂದು ಸ್ಪರ್ಧೆಯ ನಿಯಮಗಳೇ ವಿಧಿಸಿದ್ದವು. ಆದರೂ ಯಾರ ಸಾವನ್ನು ಎಣಿಸಬೇಕು ಎಂಬುದಕ್ಕಿಂತ ದೊಡ್ಡ ರಾಜಕೀಯ ನಿಲುವು ಯುದ್ಧ ಸ್ಮಾರಕವೊಂದಕ್ಕೆ ಯಾವುದಿದೆ? ಬಣ್ಣಕ್ಕೆ ಸಿಟ್ಟಾದವರೂ ಪ್ರತಿಮೆಗೆ ಪಟ್ಟು ಹಿಡಿದವರೂ ತಮ್ಮ ವಾದದ ಕಾವನ್ನು ಈ ಕಡೆ ತಿರುಗಿಸಲಿಲ್ಲ.