ದಾರಿ ಎಲ್ಲರದು, ಗುಡಿಸುವವರು ಯಾರು?

ಅಮೆರಿಕದ ಬರಹಗಾರ ಮೈಕ್ ಮಾಸ್ನಿಕ್ 2019ರಲ್ಲಿ ಬರೆದ ‘ಪ್ರೋಟೊಕಾಲ್ಸ್, ನಾಟ್ ಪ್ಲಾಟ್‌ಫಾರ್ಮ್ಸ್’ ಎಂಬ ದೀರ್ಘ ಪ್ರಬಂಧವನ್ನು ಈಚೆಗೆ ಮತ್ತೆ ಓದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ನೈಟ್ ಫಸ್ಟ್ ಅಮೆಂಡ್‌ಮೆಂಟ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಬರಹವಿದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ವಿಟರ್‌ನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ‘ಬ್ಲೂಸ್ಕೈ’ ಯೋಜನೆಯನ್ನು ಘೋಷಿಸುವಾಗ ಈ ಪ್ರಬಂಧವನ್ನು ಉಲ್ಲೇಖಿಸಿದರು. 2024ರಲ್ಲಿ ಮಾಸ್ನಿಕ್ ಅದೇ ಬ್ಲೂಸ್ಕೈ ಕಂಪನಿಯ ಆಡಳಿತ ಮಂಡಳಿಗೆ ಸೇರಿದರು. ತಾನು ಕಾಗದದ ಮೇಲೆ ಕಟ್ಟಿದ ಮನೆಯೊಳಗೇ ಹೋಗಿ ಕೂರುವ ಅವಕಾಶ ಎಷ್ಟು ಪ್ರಬಂಧಕಾರರಿಗೆ ಸಿಕ್ಕೀತು?

ಪ್ರಬಂಧದ ವಾದ ಸರಳವಾಗಿದೆ. ಇಮೇಲ್ ಯಾರ ಸ್ವತ್ತೂ ಅಲ್ಲ. ಅದೊಂದು ಒಪ್ಪಿತ ನಿಯಮ. ನೀವು ಜಿಮೇಲ್‌ನಲ್ಲಿದ್ದು ನಾನು ಬೇರೆಲ್ಲೋ ಇದ್ದರೂ ನಮ್ಮ ಪತ್ರ ವ್ಯವಹಾರಕ್ಕೆ ಅಡ್ಡಿಯಿಲ್ಲ. ಸಾಮಾಜಿಕ ಜಾಲತಾಣವೂ ಹಾಗೇಕಿರಬಾರದು? ಮಾತು ಒಂದು ಕಂಪನಿಯ ವೇದಿಕೆಯಲ್ಲಿ ನಡೆಯದೆ ಎಲ್ಲರಿಗೂ ಸೇರಿದ ದಾರಿಯಲ್ಲಿ ನಡೆಯಲಿ, ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ತೀರ್ಮಾನವನ್ನು ಒಬ್ಬನೇ ಯಜಮಾನ ಮಾಡದಿರಲಿ ಎನ್ನುತ್ತಾರೆ ಮಾಸ್ನಿಕ್. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಶುರು ಮಾಡಿದ ಮಾಸ್ಟಡಾನ್ ಆಗಲೇ ಈ ದಾರಿಯಲ್ಲಿತ್ತು. 2022ರಲ್ಲಿ ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್ ಕೊಟ್ಟು ಟ್ವಿಟರ್ ಕೊಂಡಾಗ, ಯಜಮಾನ ಬದಲಾದರೆ ಮನೆಯ ಕಾನೂನೂ ಬದಲಾಗುತ್ತದೆ ಎಂಬುದು ಎಲ್ಲರಿಗೂ ಕಂಡಿತು. ಈ ವಾದದಲ್ಲಿ ನನಗೆ ಮಾಸ್ನಿಕ್ ಜೊತೆ ಜಗಳವಿಲ್ಲ.

ನನ್ನ ತಕರಾರು ದುಡ್ಡಿನ ಮಾತು ಬಂದಾಗ ಶುರುವಾಗುತ್ತದೆ. ದಾರಿ ಮುಕ್ತವಾದರೆ ವ್ಯಾಪಾರಕ್ಕೆ ಹೊಸ ಅವಕಾಶಗಳು ತೆರೆಯುತ್ತವೆ ಎಂಬುದು ಅವರ ಭರವಸೆ. ಒಬ್ಬರು ಚಂದದ ಆ್ಯಪ್ ಮಾಡುತ್ತಾರೆ, ಇನ್ನೊಬ್ಬರು ಒಳ್ಳೆಯ ಸೋಸುಜರಡಿ ಮಾಡುತ್ತಾರೆ, ಮತ್ತೊಬ್ಬರು ನಮ್ಮ ಮಾಹಿತಿಯನ್ನು ಜೋಪಾನವಾಗಿಡುತ್ತಾರೆ, ದಾರಿಯ ಖರ್ಚಿಗೆ ಕ್ರಿಪ್ಟೊ ಟೋಕನ್‌ಗಳೂ ಒದಗಬಹುದು. ಓದುವಾಗ ಎಲ್ಲವೂ ಸಾಧ್ಯವೆನಿಸುತ್ತದೆ. ಆದರೆ ಇಷ್ಟು ವರ್ಷ ಜಾಲತಾಣಗಳಿಗೆ ಹಣ ಹೂಡಿದವರು ಹೂಡಿದ್ದು ಯಾವುದರ ಮೇಲೆ? ಜನ ಬಿಟ್ಟುಹೋಗಲಾರರು ಎಂಬ ಖಾತ್ರಿಯ ಮೇಲೆ. ಮಾಸ್ನಿಕ್ ಕಿತ್ತುಹಾಕಲು ಹೇಳುವುದು ಆ ಚಿಲಕವನ್ನೇ. ಚಿಲಕವಿಲ್ಲದ ಬಾಗಿಲಿನ ಅಂಗಡಿಗೆ ದೊಡ್ಡ ಬಂಡವಾಳ ತರುವವರು ಯಾರು, ತಂದವರು ಎಷ್ಟು ದಿನ ಸುಮ್ಮನಿದ್ದಾರು ಎಂಬ ಪ್ರಶ್ನೆಯನ್ನು ಪ್ರಬಂಧ ನೇರವಾಗಿ ಎದುರಿಸುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬ್ಲೂಸ್ಕೈ ಸಾಹಸ ಬಂಡವಾಳದಾರರಿಂದ 15 ಮಿಲಿಯನ್ ಡಾಲರ್ ಪಡೆದಿದೆ. ಬಳಕೆದಾರ ತನ್ನೆಲ್ಲ ಬರಹದೊಂದಿಗೆ ಬೇರೆ ಸರ್ವರ್‌ಗೆ ಹೋಗುವ ಏರ್ಪಾಡು ಅದರ ವಿನ್ಯಾಸದಲ್ಲಿ ಇದೆ ನಿಜ. ಆದರೂ ಹೆಚ್ಚಿನವರು ಇರುವುದು ಕಂಪನಿಯ ಸರ್ವರ್‌ಗಳಲ್ಲೇ.

ಇನ್ನು ಮಾಸ್ಟಡಾನ್ ಕಡೆಯ ಕಥೆ. ಅಲ್ಲಿ ಸರ್ವರ್ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಯುರೋಪಿನ ದತ್ತಾಂಶ ರಕ್ಷಣಾ ಸಂಸ್ಥೆ 2022ರಲ್ಲಿ ‘ಇಯು ವಾಯ್ಸ್’ ಎಂಬ ಮಾಸ್ಟಡಾನ್ ಸರ್ವರನ್ನು ಪ್ರಯೋಗಾರ್ಥ ಆರಂಭಿಸಿ, ಮುಂದೆ ಹೊಣೆ ಹೊರಲು ಯಾವ ಸಂಸ್ಥೆಯೂ ಮುಂದೆ ಬಾರದೆ 2024ರಲ್ಲಿ ಮುಚ್ಚಿತು. ಅದೇ ವರ್ಷದ ಕೊನೆಗೆ ಮೊಜಿಲ್ಲಾ ಕೂಡ ತನ್ನ ಸರ್ವರ್ ನಿಲ್ಲಿಸಿತು. ಇವುಗಳಿಗೆ ದುಷ್ಟ ಯಜಮಾನರೇನೂ ಇರಲಿಲ್ಲ. ದಾರಿ ಎಲ್ಲರದಾಗಿತ್ತು, ಗುಡಿಸುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ.

ಕನ್ನಡಿಗರಿಗೆ ಈ ಪಾಠ ದೂರದ್ದಲ್ಲ. ಬೆಂಗಳೂರಿನ ‘ಕೂ’ 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. 2024ರ ಜುಲೈನಲ್ಲಿ ಅದು ಮುಚ್ಚಿತು. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಭಾರವಾಯಿತು ಎಂದು ಸ್ಥಾಪಕರು ಹೇಳಿದರು. ಅದು ಮಾಸ್ನಿಕ್ ಟೀಕಿಸುವ ಬಗೆಯ ವೇದಿಕೆಯೇ ಆಗಿತ್ತು. ಅಲ್ಲಿ ಕೂಡಿಸಿಕೊಂಡ ಓದುಗ ಬಳಗವನ್ನು ಇಡಿಯಾಗಿ ಇನ್ನೊಂದು ಕಡೆಗೆ ಕರೆದೊಯ್ಯುವ ದಾರಿ ಬರೆದವರಿಗೆ ಇರಲಿಲ್ಲ. ಹಾಗೆಂದು ‘ಕೂ’ ವಿಕೇಂದ್ರಿತವಾಗಿದ್ದರೆ ಉಳಿಯುತ್ತಿತ್ತೆ? ಕಂಪನಿ ಉಳಿಯುತ್ತಿರಲಿಲ್ಲವೇನೋ, ಬಳಗ ಉಳಿಯಬಹುದಿತ್ತು. ಮಾಸ್ನಿಕ್ ವಾದದ ನಿಜವಾದ ಬೆಲೆ ಇರುವುದು ಈ ವ್ಯತ್ಯಾಸದಲ್ಲಿ.

ಹಾಗಾದರೆ ಇಲ್ಲಿ ವ್ಯಾಪಾರವೇ ಇಲ್ಲವೆ? ಇದೆ, ಸಣ್ಣದು. ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ 2023ರಲ್ಲಿ, ಬ್ಲಾಗ್‌ಗಳನ್ನು ಮಾಸ್ಟಡಾನ್ ಜಾಲಕ್ಕೆ ಬೆಸೆಯುವ ಪ್ಲಗಿನ್ನನ್ನು ಕೊಂಡುಕೊಂಡಿತು. ಹಣ ಪಡೆದು ಬೇರೆಯವರ ಸರ್ವರ್ ನೋಡಿಕೊಳ್ಳುವವರಿದ್ದಾರೆ. ಕನ್ನಡದ ಬೈಗುಳ ಯಾವುದು, ಸಲಿಗೆ ಯಾವುದು ಎಂದು ಬಲ್ಲ ಸೋಸುಜರಡಿಯೊಂದನ್ನು ಕನ್ನಡ ಬಲ್ಲವರೇ ಮಾಡಬೇಕು. ಧಾರವಾಡದಲ್ಲಿ ಪ್ರೀತಿಯಿಂದ ಆಡಿದ ಮಾತು ಮೈಸೂರಿನಲ್ಲಿ ಒರಟೆನಿಸೀತು. ಇವೆಲ್ಲ ಮನೆವಾರ್ತೆಯ ಕೆಲಸಗಳು. ಇವುಗಳಿಂದ ಸಂಬಳ ಹುಟ್ಟೀತು, ಸಾಮ್ರಾಜ್ಯ ಹುಟ್ಟಲಾರದು.

ನಮಗಿದು ಹೊಸ ಲೆಕ್ಕಾಚಾರವೂ ಅಲ್ಲ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲಾ ಓದುಗರನ್ನು ಚಂದಾದಾರರನ್ನಾಗಿಸಿಕೊಂಡು ಬೆಳೆಯಿತು. ಚಂದಾದಾರ ಯಾವಾಗ ಬೇಕಾದರೂ ಬಿಡಬಹುದಿತ್ತು. ಪುಸ್ತಕ ಚೆನ್ನಾಗಿರಬೇಕಾದ ಒತ್ತಡ ಬಂದದ್ದು ಅಲ್ಲಿಂದಲೇ. ವಿಕೇಂದ್ರಿತ ಜಾಲಕ್ಕೆ ಒಪ್ಪುವ ಅರ್ಥಶಾಸ್ತ್ರ ನನಗೆ ಕಾಣುವುದು ಇಂಥ ಕಡೆ, ಟೋಕನ್‌ಗಳಲ್ಲಲ್ಲ.

ಮಾಸ್ನಿಕ್ ಪ್ರಬಂಧವನ್ನು ವಿದ್ಯಾರ್ಥಿಗಳು ಓದಲೇಬೇಕು. ಬಿಟ್ಟುಹೋಗುವ ಸ್ವಾತಂತ್ರ್ಯದ ಬಗ್ಗೆ ಇಷ್ಟು ಸ್ಪಷ್ಟವಾಗಿ ಬರೆದವರು ಕಡಿಮೆ. ಉಳಿದುಕೊಂಡು, ತಿಂಗಳು ತಿಂಗಳು ದೀಪಕ್ಕೆ ಎಣ್ಣೆ ಹಾಕುವವರ ಬಗ್ಗೆ ಅದರಲ್ಲಿ ಹೆಚ್ಚು ಸಿಗುವುದಿಲ್ಲ. ಆ ಅಧ್ಯಾಯವನ್ನು ಬೇರೆ ಯಾರಾದರೂ ಬರೆಯಬೇಕು; ಸಣ್ಣ ಭಾಷೆಯ ಪ್ರಕಾಶನದ ಲೆಕ್ಕಪುಸ್ತಕ ನೋಡಿದವರು ಬರೆದರೆ ಒಳ್ಳೆಯದು.